ಸೊಪ್ಪಿನ ಸುಗ್ಗಿಯೂ ನನ್ನ ಮಾತ್ರೆಯೂ

ಚಿಕ್ಕಮ್ಮನ ಬೆರಳುಗಳಿಗೆ ಹೊಗೆಸೊಪ್ಪಿನ ಅಂಟು ಮೆತ್ತಿ ಕಪ್ಪಗಾಗಿರುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಕಹಿ ತಾಗೀತೆಂದು ನನ್ನ ಮಾತ್ರೆಯನ್ನು ಸೆರಗಿನ ತುದಿಯಲ್ಲಿ ಹಿಡಿದು ಕೊಡುವಳು. "ನುಂಗು ಮಗಾ. ಎಲ್ಲಿ, ನಾಲ್ಗೆ ಎತ್ತಿ ತೋರ್ಸು" ಎನ್ನುವಳು. ನಗು ಕಡಿಮೆ, ಬೈಗುಳ ಧಾರಾಳ.

ನಮ್ಮದು ಪಿರಿಯಾಪಟ್ಟಣದ ಕಡೆಯ ಹಳ್ಳಿ. ಹೈಸ್ಕೂಲಿನಲ್ಲಿದ್ದಾಗ ನನಗೆ ಮನಸ್ಸಿನ ಕಾಯಿಲೆ ಬಂತು. ಯಾರೂ ಇಲ್ಲದ ಕಡೆ ದನಿಗಳು ಕೇಳುತ್ತಿದ್ದವು. ಮೈಸೂರಿನಲ್ಲಿ ಆಸ್ಪತ್ರೆಗೆ ಸೇರಿಸಿದರು, ಹುಷಾರಾದೆ. ಆಮೇಲೆ ತಿಂಗಳಿಗೊಮ್ಮೆ ಪೇಟೆಗೆ ಬರುವ ಡಾಕ್ಟರಿಗೆ ತೋರಿಸಿ ಮಾತ್ರೆ ತರಬೇಕಿತ್ತು, ಅಷ್ಟೇ. ಅಷ್ಟನ್ನೂ ನಮ್ಮ ಮನೆಯವರು ನೆಟ್ಟಗೆ ಮಾಡಲಿಲ್ಲ. ಸೊಪ್ಪು ಕೊಯ್ಲಿಗೆ ಬಂದರೆ ಎಲೆಗಳನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ, ಅಂದರೆ ಸೊಪ್ಪು ಹದಮಾಡುವ ಬಿಸಿಮನೆಯೊಳಗೆ, ಏರಿಸಿ ಬೇಯಿಸಬೇಕು; ಮನೆಯ ಎಲ್ಲ ಕೈಗಳೂ ಬೇಕು. ಮಾತ್ರೆ ನುಂಗಿದರೆ ನಾನು ತೂಕಡಿಸುತ್ತಿದ್ದೆ. "ಚೆನ್ನಾಗೇ ಅವ್ಳೆ ಬುಡು" ಎಂದು ಅಪ್ಪ ಮಾತ್ರೆಯನ್ನೇ ನಿಲ್ಲಿಸಿದ. ಸುಗ್ಗಿ ಮುಗಿಯುವ ಮೊದಲೇ ನಾನು ಮತ್ತೆ ಅದೇ ವಾರ್ಡಿನಲ್ಲಿದ್ದೆ. ಈಗಲೂ ನೆನೆದರೆ ಮೈ ಉರಿಯುತ್ತದೆ.

ಮುಂದಿನ ವರ್ಷವೂ ಅಪ್ಪ ಮಾತ್ರೆಯ ಪೊಟ್ಟಣ ಎತ್ತಿಟ್ಟ. ನಾಚಿಕೆಯೇ ಇರಲಿಲ್ಲ ಆ ಮನುಷ್ಯನಿಗೆ. ಚಿಕ್ಕಮ್ಮ ಕಟ್ಟುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟು ಎದ್ದಳು.

"ಮಗಿಗೆ ಮಾತ್ರೆ ಕೊಡಗಂಟ ನಾನು ಒಂದೆಲೆ ಮುಟ್ಟಕಿಲ್ಲ. ಕೊಳೀಲಿ ಬುಡಿ ಭಾವ."

ಕೂಲಿಗೆ ಬಂದಿದ್ದ ಹೆಂಗಸರೂ ಅವಳ ಮುಖ ನೋಡಿ ಕೈ ಬಿಟ್ಟರು. ಕೊಯ್ದ ಸೊಪ್ಪು ರಾಶಿಯಲ್ಲೇ ಬಿಸಿಯಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಪೊಟ್ಟಣ ತಂದು ಅವಳ ಮುಂದೆ ಎಸೆದ. ಮಗಳು ಕೆಡುತ್ತಾಳೆಂದಲ್ಲ, ಸೊಪ್ಪು ಕೆಡುತ್ತದೆಂದು. ಚಿಕ್ಕಮ್ಮ ನನಗೆ ಮಾತ್ರೆ ನುಂಗಿಸಿ, ನೀರು ಕುಡಿಸಿ, ಮತ್ತೆ ಕಟ್ಟಲು ಕೂತಳು.

ಪೇಟೆಯ ಆಸ್ಪತ್ರೆಯವರನ್ನೂ ಅವಳು ಸುಮ್ಮನೆ ಬಿಡಲಿಲ್ಲ. ಒಮ್ಮೆ ಬೆಳಗಿನಿಂದ ಕಾಯಿಸಿ, ಡಾಕ್ಟರು ಬರುವುದಿಲ್ಲ, ಮುಂದಿನ ತಿಂಗಳು ಬನ್ನಿ ಎಂದುಬಿಟ್ಟರು.

"ಅಲ್ಲೀಗಂಟ ಈ ಮಗು ಏನ್ ನುಂಗಬೇಕು ಕಣ್ರೀ? ಕೆಟ್ಟು ಬಿದ್ದ ಮ್ಯಾಲೆ ಮಂಚ ಕೊಡ್ತೀರಿ, ನೆಟ್ಟಗಿರೋವಾಗ ಮಾತ್ರೆ ಕೊಡಕ್ಕಾಗಕಿಲ್ವಾ?"

ಹಾಗೆಂದು ಬಾಗಿಲಿಗಡ್ಡ ಕೂತೇಬಿಟ್ಟಳು. ಮಾತ್ರೆ ಸಿಕ್ಕಿತು. ಹಾಗೆ ಕೂರುವವರಿಲ್ಲದ ಮಕ್ಕಳ ಗತಿಯೇನು? ನಾನಂತೂ ಮತ್ತೆ ವಾರ್ಡಿಗೆ ಹೋಗಲಿಲ್ಲ, ಪಿಯುಸಿ ಪಾಸು ಮಾಡಿದೆ.

ಕಳೆದ ವರ್ಷ ಎದೆನೋವೆಂದು ಕೂತ ಚಿಕ್ಕಮ್ಮ ಏಳಲಿಲ್ಲ. ನನ್ನನ್ನು ಪಕ್ಕದ ಮನೆಯಲ್ಲಿ ಕೂರಿಸಿ ಚಿಲಕ ಹಾಕಿದರು. ಹೆಣ ನೋಡಿದರೆ ಇವಳಿಗೆ ಮತ್ತೆ ಕಾಯಿಲೆ ಕೆರಳುತ್ತದಂತೆ! ಬಾಗಿಲು ಒದ್ದು ಹೊರಗೆ ಬಂದೆ. ಚಿಕ್ಕಮ್ಮನ ಬಾಯಿಗೆ ಹಾಲು ಬಿಡುತ್ತಿದ್ದವರನ್ನು ಸರಿಸಿ ನಾನೂ ಬಿಟ್ಟೆ.

"ನನ್ನ ಚಿಕ್ಕಮ್ಮನ್ನ ನಂಗೇ ತೋರ್ಸಕಿಲ್ವಾ?" ಎಂದು ಅಪ್ಪನ ಮೇಲೆ ಕೂಗಾಡಿದೆ.

"ನೋಡ್ರಪ್ಪಾ, ಮತ್ತೆ ಸುರುವಾಯ್ತು. ಹಿಡ್ಕಳಿ ಇವ್ಳನ್ನ" ಎಂದ ಅಪ್ಪ.

ಇದು ಕಾಯಿಲೆಯಲ್ಲ, ಹುಡುಗಿಗೆ ಕೋಪ ಬಂದಿದೆ ಎಂದು ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳು ಚಾಪೆಯ ಮೇಲೆ ಮಲಗಿದ್ದಳು.