ಮುಂದಿನ ಸಾಲಿನ ಸೋಫಾ

ನಾಟಕ, ನೃತ್ಯ ನೋಡಿ ಪತ್ರಿಕೆಗೆ ಬರೆಯುವುದೂ ಒಂದು ಕೆಲಸ ಎಂದರೆ ನಮ್ಮ ಜೇವರ್ಗಿ ಕಾಲೋನಿಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. "ಅದು ಖರೆ ರೀ, ಆದ್ರ ನೌಕರಿ ಏನು ಮಾಡ್ತೀರಿ?" ಎಂದು ಕೇಳುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ ಎಂದರೆ ಅವರಿಗೆ ಸಮಾಧಾನ. ನನ್ನ ಲೆಕ್ಕದಲ್ಲಿ ಕಾಲೇಜು ಉಪಕಸುಬು; ಇಪ್ಪತ್ತೈದು ವರ್ಷ ನಾನು ಕಲಬುರಗಿಯ ಕಲಾವಿಮರ್ಶಕ.

ನಮ್ಮೂರಲ್ಲಿ ವಿಮರ್ಶಕನಿಗೆ ಸಲ್ಲುವ ಮರ್ಯಾದೆ ಎಂದರೆ ಮುಂದಿನ ಸಾಲಿನ ಸೋಫಾ. ಅತಿಥಿಗಳ ನಡುವೆ ಕೂಡಿಸುತ್ತಾರೆ, ಶಾಲು ಹೊದಿಸುತ್ತಾರೆ. ಆದರೆ ಸೋಫಾ ತಗ್ಗು, ವೇದಿಕೆ ಎತ್ತರ, ಅದರ ಅಂಚಿನುದ್ದಕ್ಕೂ ಹೂಕುಂಡಗಳು. ಕುಣಿಯುವವರ ಮೊಣಕಾಲಿನ ಕೆಳಗೆ ನನಗೆ ಎಂದೂ ಏನೂ ಕಂಡದ್ದಿಲ್ಲ. ಹಿಂದೆ ಹೋಗಿ ಕೂತರೆ ಕರೆದವರಿಗೆ ಅವಮಾನ. ಸೋಫಾ ಬಿಡಲು ನನಗೂ ಮನಸ್ಸಿರಲಿಲ್ಲ ಅನ್ನಿ. ಕಾಲಿನ ಕೆಲಸವನ್ನು ಗೆಜ್ಜೆಯ ಸದ್ದಿನಿಂದಲೇ ಅಳೆಯುತ್ತಿದ್ದೆ. ನನ್ನ ಕಿವಿಯ ಬಗ್ಗೆ ನನಗೆ ಬಹಳ ಸೊಕ್ಕಿತ್ತು.

ಒಮ್ಮೆ ಸೇಡಂ ರಸ್ತೆಯ ಸಭಾಂಗಣದಲ್ಲಿ ಕಮಲಾಪುರದ ಹುಡುಗಿಯೊಬ್ಬಳ ರಂಗಪ್ರವೇಶವಿತ್ತು. ನಮ್ಮ ಕಾಲೋನಿಯ ನೃತ್ಯ ಶಿಕ್ಷಕಿಯ ಹತ್ತಿರ ಕಲಿಯಲು ಎಂಟು ವರ್ಷ ಶನಿವಾರ, ಭಾನುವಾರ ತಪ್ಪದೆ ಬಸ್ಸಿನಲ್ಲಿ ಬಂದವಳು. ಚೆನ್ನಾಗಿ ಕುಣಿದಳು. ಹಾಗೆಂದೇ ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ: ತಿಲ್ಲಾನದಲ್ಲಿ ಎಡಗಾಲು ತಾಳ ತಪ್ಪಿತು. ಸಭೆಯಲ್ಲಿ ಮತ್ತೊಬ್ಬರಿಗೆ ಗೊತ್ತಾಗದ್ದನ್ನು ನಾನು ಹಿಡಿದೆನೆಂದು ಆ ಸಾಲನ್ನು ಹೆಂಡತಿಗೂ ಓದಿ ಹೇಳಿದೆ.

ಹದಿನೈದು ದಿನದ ಮೇಲೆ ಶಿಕ್ಷಕಿ ಮನೆಗೆ ಬಂದರು.

"ಆಕಿ ಎಡಗಾಲಿನ ಗೆಜ್ಜಿ ಪಟ್ಟಿ ಸಡ್ಲ ಆಗಿತ್ರೀ ಸರ. ಮೊದಲ ದಿನಾನ ಗೆಜ್ಜಿ ಕಳಚಿ ಬಿದ್ರ ಅಪಶಕುನ ಅಂತ ಪಾದ ಮೆತ್ತಗ ಇಟ್ಟಾಳ. ತಾಳ ಒಂದೂ ತಪ್ಪಿಲ್ಲ."

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದಳಂತ," ಎಂದೆ ನಾನು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಚಹಾ ಮುಟ್ಟದೆ ಎದ್ದರು. ಬಾಗಿಲಲ್ಲಿ ನಿಂತು, "ಕ್ಲಾಸಿಗೆ ಬರಾಕತ್ತಿಲ್ಲ ರೀ ಆಕಿ. ಗೆಜ್ಜಿ ವಾಪಸ್ ಕೊಡ್ತೀನಿ ಅಂತ ಹೇಳಿ ಕಳಿಸ್ಯಾಳ," ಎಂದರು. ಗುರು ಪೂಜೆ ಮಾಡಿ ಕೊಟ್ಟ ಗೆಜ್ಜೆಯನ್ನು ಮರಳಿಸುವುದೆಂದರೆ ಕುಣಿತವನ್ನೇ ಬಿಟ್ಟಂತೆ. ಅದು ನನಗೆ ಗೊತ್ತಿತ್ತು.

ಎರಡು ದಿನ ಆ ತಿಲ್ಲಾನವನ್ನೇ ನೆನಪು ಮಾಡಿಕೊಂಡೆ. ಎಡಗಾಲಿನ ಸದ್ದು ತಡವಾಗಿ ಬಂದಿತ್ತೇ? ಇಲ್ಲ. ಸದ್ದೇ ಬಂದಿರಲಿಲ್ಲ. ಬರದೇ ಇದ್ದದ್ದನ್ನು ತಪ್ಪಿದ್ದು ಎಂದು ಬರೆದಿದ್ದೆ. ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ.

ಮನೆಯ ಪಡಸಾಲೆಯಲ್ಲಿ ಕೆಂಪು ಬಾಳೆಯ ಗೊನೆಗಳನ್ನು ಗೋಡೆಗೆ ಒರಗಿಸಿದ್ದರು. ಹುಡುಗಿ ನೀರು ತಂದು ಕೊಟ್ಟು, ಕಂಬ ಹಿಡಿದು ನಿಂತಳು. ಸಿಟ್ಟಿನಿಂದ ಮಾತಾಡಿದ್ದರೆ ನನಗೆ ಹಗುರಾಗುತ್ತಿತ್ತು. ಆಕೆ ಒಂದೇ ಮಾತು ಕೇಳಿದಳು.

"ನಿಮಗ ನನ್ನ ಕಾಲು ಕಂಡಿದ್ವೇನ್ರಿ ಸರ?"

ಸೋಫಾ, ಹೂಕುಂಡ, ಕಿವಿ ಎಲ್ಲ ಬಾಯಿಗೆ ಬಂದವು. ನುಂಗಿಕೊಂಡು "ಇಲ್ಲ" ಎಂದೆ.

"ಹಂಗಾರ ಅಷ್ಟ ಬರೀರಿ."

ಬರೆದೆ. ಮುಂದಿನ ವಾರದ ಅಂಕಣದ ಮೊದಲ ಸಾಲೇ ಅದು: ಆ ದಿನ ನನಗೆ ನರ್ತಕಿಯ ಪಾದ ಕಂಡಿರಲಿಲ್ಲ, ತಾಳ ತಪ್ಪಿತು ಎಂದದ್ದು ನನ್ನ ತಪ್ಪು. ಸಂಪಾದಕರು ಫೋನ್ ಮಾಡಿ, "ಇದು ಬೇಕೇನ್ರಿ? ನಾಳೆ ನಿಮ್ಮ ಮಾತು ಯಾರು ನಂಬ್ತಾರ?" ಎಂದರು. ಆ ಹೆದರಿಕೆ ನನಗೂ ಇತ್ತು. ಆದರೂ ಹಾಕಿಸಿದೆ. ಕಾಲೇಜಿನಲ್ಲಿ ಕೆಲವರು ತಿಂಗಳುಗಟ್ಟಲೆ ನನ್ನ ಕನ್ನಡಕದ ಸಮಾಚಾರ ವಿಚಾರಿಸಿದರು. ಮೂರನೆಯ ಶನಿವಾರ ಶಿಕ್ಷಕಿ ಫೋನ್ ಮಾಡಿ "ಬಂದಾಳ್ರೀ" ಎಂದಷ್ಟೇ ಹೇಳಿ ಇಟ್ಟರು. ನನಗೆ ಕಣ್ಣು ತುಂಬಿ ಬಂತು.

ಆಕೆ ಈಗ ಕಮಲಾಪುರದಲ್ಲೇ ಮಕ್ಕಳಿಗೆ ಕಲಿಸುತ್ತಾಳೆ. ಹೋದ ವರ್ಷ ಅವರ ಮೊದಲ ಕಾರ್ಯಕ್ರಮಕ್ಕೆ ಕರೆದಿದ್ದಳು. ಶಾಲೆಯ ಅಂಗಳ, ಹಲಗೆಯ ವೇದಿಕೆ, ಅಂಚಿಗೆ ಹೂಕುಂಡ, ಮುಂದೆ ಯಾರದೋ ಮನೆಯಿಂದ ತಂದ ಸೋಫಾ. ಹುಟ್ಟು ಗುಣ ಸುಟ್ಟರೂ ಹೋಗದು. ನಾನು ನೆಟ್ಟಗೆ ಸೋಫಾದ ಕಡೆಗೇ ನಡೆದೆ. ಆಕೆ ಬಂದು ತೋಳು ಹಿಡಿದು, ಪಕ್ಕದ ಗೋಡೆಯ ಹತ್ತಿರ ಎತ್ತರದ ಕಟ್ಟೆಯ ಮೇಲೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯ ಬಳಿ ಕರೆದೊಯ್ದಳು.

"ಇಲ್ಲಿ ಕೂಡ್ರಿ ಸರ. ಇಲ್ಲಿಂದ ಎಲ್ಲಾರ ಪಾದ ಕಾಣ್ತಾವ. ಮುಂಜಾನೆ ನಾನ ಕುಂತು ನೋಡೀನಿ."