ನಾಲ್ಕು ಕಪ್ಪಿನ ಸಭೆ

ಅರಕಲಗೂಡಿನಿಂದ ದಿನವೂ ಬಸ್ಸು ಹಿಡಿದು ನಾನು ಹೋಗುವ ಸರ್ಕಾರಿ ಕಾಲೇಜಿನ ಭೂಗೋಳಶಾಸ್ತ್ರ ವಿಭಾಗದಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಜೊತೆಗಿದ್ದ ಮೂವರೂ ಒಬ್ಬೊಬ್ಬರಾಗಿ ನಿವೃತ್ತರಾದರು. ದುಡ್ಡಿಲ್ಲವೆಂದು ಸರ್ಕಾರ ಆ ಹುದ್ದೆಗಳನ್ನು ತುಂಬಲೇ ಇಲ್ಲ. ಎದುರಿನ ಕಂಪ್ಯೂಟರ್ ಕೋರ್ಸಿಗೆ ಮಾತ್ರ ಹೊಸ ಕೊಠಡಿ ಬಂತು. ಅದು ಮಕ್ಕಳ ಫೀಸಿನಲ್ಲೇ ನಡೆಯುತ್ತದಲ್ಲ! ಆದರೂ ನಾನು ತಿಂಗಳಿಗೊಮ್ಮೆ ವಿಭಾಗದ ಸಭೆ ನಡೆಸಲೇಬೇಕು. ಯಾರ ಜೊತೆ ಎಂದು ಕೇಳಿದರೆ ಪ್ರಿನ್ಸಿಪಾಲರು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಕಳೆದ ಸಭೆಯ ದಿನ ಕ್ಯಾಂಟೀನಿನವನು ಬಾಗಿಲಲ್ಲಿ ನಿಂತು, "ಟೀ ಒಂದೇ ತಾನೆ ಸಾ?" ಎಂದ.

"ನಾಲ್ಕು ತಗಂಡ್ ಬಾ" ಎಂದು ರೇಗಿದೆ.

ಅವನು ತಂದು, ಮೊದಲಿನ ಹಾಗೆ ಮೇಜಿನ ನಾಲ್ಕೂ ಕಡೆಗೆ ಒಂದೊಂದು ಕಪ್ಪು ಇಟ್ಟು ಹೋದ.

ಅಷ್ಟರಲ್ಲಿ ಕೊನೆಯ ವರ್ಷದ ಹುಡುಗಿಯೊಬ್ಬಳು ಅರ್ಧ ಬರೆದ ನಕ್ಷೆ ಹಿಡಿದು ಬಂದಳು. ಪಾಠ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಯಾರಾದರೂ ಬಂದು ಎಷ್ಟೋ ಕಾಲವಾಗಿತ್ತು. ಕೂರು ಎನ್ನುವಷ್ಟರಲ್ಲಿ ಅವಳ ಕಣ್ಣು ಹಬೆಯಾಡುತ್ತಿದ್ದ ಕಪ್ಪುಗಳ ಮೇಲೆ ಬಿತ್ತು.

"ಅಯ್ಯೋ, ಮೀಟಿಂಗ್ ಐತಾ ಸಾ? ಎಲ್ರೂ ಬರೋ ಒತ್ಗೆ ಬಂದ್ಬುಟ್ಟೆ. ಆಮ್ಯಾಕೆ ಬತ್ತೀನಿ ಬುಡಿ."

ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದಳು.