ಬಸವಣ್ಣನಿಗೆ ಲಗೇಜ್ ಟಿಕೆಟ್

ಕೇಳ್ರಪ್ಪಾ, ಇವತ್ತು ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಬರುವಾಗ ಬಸ್ಸಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದು ಕುರಿಮರಿ ಗಾತ್ರದ ಕಲ್ಲಿನ ಬಸವಣ್ಣ. ಟವೆಲ್ ಬೇರೆ ಹೊದ್ದಿದ್ದ. ಅವನನ್ನು ತಂದ ಯಜಮಾನ ಪಕ್ಕದಲ್ಲೇ ನಿಂತಿದ್ದ, ಸೀಟು ಸಿಗದ ಅಜ್ಜಿಯೊಬ್ಬರು ಕಂಬಿ ಹಿಡಿದು ತೂಗಾಡುತ್ತಿದ್ದರು.

"ಲಗೇಜ್ ಟಿಕೆಟ್ ತಗಳಪ್ಪ," ಅಂದ ಕಂಡಕ್ಟರ್.

"ದೇವ್ರುನ್ನೇ ಲಗೇಜು ಅಂತೀರಲ್ಲ ಸಾ!" ಯಜಮಾನ ರೇಗಿದ.

"ಪ್ರತಿಷ್ಠೆ ಆಗೈತಾ?"

"ಇಲ್ಲ. ನಾಳಿಕ್ಕೆ, ನಮ್ಮೂರ ಗುಡೀಲಿ."

"ಅಂಗಾರೆ ನಾಳಿಂದ ದೇವ್ರು ಕಣಪ್ಪ. ಇವತ್ತು ಬರೀ ಬೊಂಬೆ. ಕೆಳಗಿಡು, ಅಜ್ಜಿ ಕೂತ್ಕಳ್ಳಲಿ."

ಹಿಂದಿನ ಸೀಟಿನ ಮೇಷ್ಟ್ರೊಬ್ಬರಿಗೆ ತಡೆಯಲಾಗಲಿಲ್ಲ. "ಬೇಗ ಇತ್ಯರ್ಥ ಮಾಡ್ಕೊಳ್ರಪ್ಪ, ನಿಮ್ಮ ಜಗಳ ಮುಗಿಯೋಷ್ಟರಲ್ಲಿ ಅದು ಸ್ಮಾರಕ ಆಗೋಗುತ್ತೆ!"

ಇಡೀ ಬಸ್ಸು ನಕ್ಕಿತು. ಯಜಮಾನ ಗೊಣಗುತ್ತಲೇ ಟಿಕೆಟ್ ತಗೊಂಡು ಬಸವಣ್ಣನನ್ನು ನಮ್ಮ ಸೀಟಿನ ಮುಂದೆ ಮೆಲ್ಲಗೆ ಕೆಳಕ್ಕೆ ಜಾರಿಸಿದ. ಅಜ್ಜಿ ಕೂತರು. ಕೂತವರೇ ಕೆಳಗೆ ನೋಡಿ, "ಕಾಲ್ ತಾಗ್ಬುಟ್ಟಾತು ಶಿವನೇ" ಅಂತ ಎರಡೂ ಕಾಲು ಎತ್ತಿ ಚಕ್ಕಂಬಕ್ಕಳ ಹಾಕಿಕೊಂಡರು. ದೇವರನ್ನೇ ನಂಬದ ನಾನೂ ಸುಮ್ಮನೆ ಕಾಲು ಮೇಲೆತ್ತಿಕೊಂಡೆ. ಊರು ಬರುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತ್ತು.

ಯಜಮಾನನೊಬ್ಬನ ಕೈಲಿ ಬಸವಣ್ಣನನ್ನು ಎತ್ತಲಾಗಲಿಲ್ಲ. ಕೊನೆಗೆ ಕಂಡಕ್ಟರೇ ಒಂದು ಕಡೆ ಹಿಡಿಯಲು ಬಂದ. ಬಗ್ಗುವ ಮೊದಲು ಚಪ್ಪಲಿ ಬಿಟ್ಟ.

ಲಗೇಜು ಇಳಿಸೋಕೆ ಚಪ್ಪಲಿ ಬಿಟ್ಟ ಕಂಡಕ್ಟರನ್ನ ನಾನಂತೂ ಇವತ್ತೇ ನೋಡಿದ್ದು.